ಗಡಿ ದಾಟುವ ನದಿಗೆ ಅಣೆಕಟ್ಟು: ಕಾನೂನು ಎಲ್ಲಿಯವರೆಗೆ ಬರುತ್ತದೆ?

2025ರ ಸೆಪ್ಟೆಂಬರ್ 9ರಂದು ಇಥಿಯೋಪಿಯಾ ನೀಲಿ ನೈಲ್ ನದಿಯ ಮೇಲಿನ ತನ್ನ ‘ರಿನೈಸಾನ್ಸ್’ ಅಣೆಕಟ್ಟನ್ನು ಉದ್ಘಾಟಿಸಿತು. 145 ಮೀಟರ್ ಎತ್ತರದ, ಸುಮಾರು 1.8 ಕಿ.ಮೀ. ಉದ್ದದ ಕಾಂಕ್ರೀಟ್ ಕಟ್ಟೆ. ಪಕ್ಕದ ತಗ್ಗಿನಿಂದ ನೀರು ಹೊರಹೋಗದಂತೆ ಸುಮಾರು 5 ಕಿ.ಮೀ. ಉದ್ದದ ಕಲ್ಲಿನ ಒಡ್ಡು. 13 ಟರ್ಬೈನ್, 5,150 ಮೆಗಾವಾಟ್. ಜಲಾಶಯದ ಸಾಮರ್ಥ್ಯ 74 ಶತಕೋಟಿ ಘನ ಮೀಟರ್. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 2,613 ಟಿಎಂಸಿ ಅಡಿ, ಅಂದರೆ 49.45 ಟಿಎಂಸಿಯ ಕನ್ನಂಬಾಡಿಯಂಥ ಸುಮಾರು 53 ಜಲಾಶಯಗಳ ನೀರು. ಇಷ್ಟು ನೀರು ನಿಂತಿರುವ ಜಾಗದಿಂದ ಸುಡಾನ್ ಗಡಿ 20 ಕಿ.ಮೀ. ದೂರವೂ ಇಲ್ಲ.

ಕಾಮಗಾರಿ ಶುರುವಾದದ್ದು 2011ರ ಏಪ್ರಿಲ್‌ನಲ್ಲಿ. ಅಲ್ಲಿಂದ ಈಚೆಗೆ ಇಥಿಯೋಪಿಯಾ, ಸುಡಾನ್, ಈಜಿಪ್ಟ್ ಹತ್ತಾರು ಸುತ್ತು ಮಾತುಕತೆ ನಡೆಸಿವೆ. ಆದರೂ ಬರಗಾಲದ ವರ್ಷ ಎಷ್ಟು ನೀರು ಬಿಡಬೇಕು, ಗೇಟು ತೆರೆಯುವುದಕ್ಕೆ ಎಷ್ಟು ಗಂಟೆ ಮೊದಲು ಕೆಳಗಿನವರಿಗೆ ತಿಳಿಸಬೇಕು ಎಂಬ ಬಗ್ಗೆ ಮೂವರೂ ಒಪ್ಪಿದ ಒಂದು ಅಂಕಿಯೂ ಇಲ್ಲದೆ ಅಣೆಕಟ್ಟು ಕೆಲಸ ಆರಂಭಿಸಿತು. ಉದ್ಘಾಟನೆಯಾದ ತಿಂಗಳೊಪ್ಪತ್ತಿನೊಳಗೆ ಸುಡಾನಿನಲ್ಲಿ ನೆರೆ ಬಂತು. ಹೇಳದೆ ಕೇಳದೆ ನೀರು ಬಿಟ್ಟದ್ದೇ ಕಾರಣ ಎಂದು ಈಜಿಪ್ಟ್ ದೂರಿತು. ಅಣೆಕಟ್ಟು ಇಲ್ಲದಿದ್ದರೆ ನೆರೆ ಇನ್ನೂ ದೊಡ್ಡದಾಗುತ್ತಿತ್ತು ಎಂದು ಇಥಿಯೋಪಿಯಾ ಉತ್ತರಿಸಿತು. ಯಾರ ಮಾತು ನಿಜ ಎಂದು ಅಳೆದು ಹೇಳಲು ಮೂವರೂ ಒಪ್ಪಿದ ಮಾಪನ ಕೇಂದ್ರವಾಗಲಿ, ಲೆಕ್ಕದ ಪುಸ್ತಕವಾಗಲಿ ಇರಲಿಲ್ಲ.

ಇಂಥ ಜಗಳಗಳನ್ನು ‘ಯಾರ ಪಾಲೆಷ್ಟು’ ಎಂಬ ಕಣ್ಣಿನಿಂದಲೇ ನೋಡಿ ನಮಗೆ ರೂಢಿ. ಆದರೆ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು ನೀರನ್ನು ಖರ್ಚು ಮಾಡುವುದು ಕಡಿಮೆ. ಟರ್ಬೈನ್ ತಿರುಗಿಸಿದ ನೀರು ಮತ್ತೆ ನದಿಗೇ ಇಳಿಯುತ್ತದೆ. ಆವಿಯಾಗುವುದನ್ನು ಬಿಟ್ಟರೆ ಅಣೆಕಟ್ಟಿನಿಂದ ನಿಜವಾಗಿ ಬದಲಾಗುವುದು ನೀರು ಬರುವ ಕಾಲ. ಜೂನ್‌ನಲ್ಲಿ ಬರಬೇಕಾದದ್ದು ಸೆಪ್ಟೆಂಬರ್‌ಗೆ, ಹಗಲಿಡೀ ಹರಿಯಬೇಕಾದದ್ದು ಸಂಜೆಯ ನಾಲ್ಕೇ ತಾಸಿನಲ್ಲಿ. ಆ ಕಾಲವನ್ನು ಅಂಕಿಗಳಲ್ಲಿ ಕಟ್ಟಿಹಾಕುವುದು, ನದಿ ಬದಲಾದಂತೆ ಆ ಅಂಕಿಗಳನ್ನು ತಿದ್ದಲು ದಾರಿ ಇಡುವುದು, ಈ ಎರಡು ಕೆಲಸ ಮಾಡಿದ ಒಪ್ಪಂದಗಳು ಬಾಳಿಕೆ ಬಂದಿವೆ. ನೈಲ್ ನದಿಯಲ್ಲಿ ಮೊದಲನೆಯದೇ ಆಗಿಲ್ಲ. ಸಿಂಧೂ ನದಿಯಲ್ಲಿ ಮೊದಲನೆಯದು ಅತಿ ಸೂಕ್ಷ್ಮವಾಗಿ ಆಗಿದೆ, ಎರಡನೆಯದು ಆಗಿಲ್ಲ.

ಕಾನೂನಿನಲ್ಲಿ ಏನಿದೆ

‘ನನ್ನ ನೆಲದ ಮೇಲೆ ಹರಿಯುವ ನೀರು ನನ್ನದು’ ಎಂಬ ವಾದಕ್ಕೆ ಕಾನೂನಿನ ವೇಷ ತೊಡಿಸಿದವರು ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್. 1895ರಲ್ಲಿ ರಿಯೊ ಗ್ರಾಂಡೆ ನದಿಯ ನೀರಿನ ಬಗ್ಗೆ ಮೆಕ್ಸಿಕೊ ದೂರಿದಾಗ ಅವರು ಕೊಟ್ಟ ಅಭಿಪ್ರಾಯ ಅದು. ಹನ್ನೊಂದೇ ವರ್ಷದಲ್ಲಿ ಅಮೆರಿಕವೇ ಅದನ್ನು ಪಕ್ಕಕ್ಕಿಟ್ಟು, 1906ರ ಒಪ್ಪಂದದಲ್ಲಿ ಮೆಕ್ಸಿಕೊಗೆ ವರ್ಷಕ್ಕೆ 60,000 ಎಕರೆ-ಅಡಿ (ಒಂದು ಎಕರೆ-ಅಡಿ ಎಂದರೆ ಒಂದು ಎಕರೆಯಲ್ಲಿ ಒಂದು ಅಡಿ ನಿಲ್ಲುವಷ್ಟು) ನೀರು ಕೊಡಲು ಒಪ್ಪಿತು. ಇದಕ್ಕೆ ತದ್ವಿರುದ್ಧವಾದ ವಾದ ಕೆಳಗಿನ ದೇಶಗಳದ್ದು: ‘ಅನಾದಿಯಿಂದ ಬಂದಷ್ಟು ನೀರು ಒಂದು ಹನಿಯೂ ಕಡಿಮೆಯಾಗಬಾರದು’. ಕಾನೂನು ಇದನ್ನೂ ಒಪ್ಪಿಲ್ಲ. 1957ರ ಲಾನೂ ಸರೋವರ ಪ್ರಕರಣದಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಂಚಾಯ್ತಿ ನ್ಯಾಯಮಂಡಳಿ ಮಧ್ಯದ ದಾರಿ ಹಿಡಿಯಿತು. ಮೇಲಿನ ದೇಶ ಕೆಳಗಿನ ದೇಶದ ಒಪ್ಪಿಗೆಗಾಗಿ ಕಾದು ಕೂರಬೇಕಾಗಿಲ್ಲ. ಆದರೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು, ಕೆಳಗಿನವರ ಹಿತವನ್ನು ಯೋಜನೆಯಲ್ಲಿ ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1966ರ ಹೆಲ್ಸಿಂಕಿ ನಿಯಮಗಳು ‘ನ್ಯಾಯಸಮ್ಮತ ಹಂಚಿಕೆ’ಯ ತತ್ವವನ್ನು ಜೋಡಿಸಿಟ್ಟವು. ಅವು ತಜ್ಞರ ಸಂಘವೊಂದು ಬರೆದ ನಿಯಮಗಳು, ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ 2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅವನ್ನು ಉಲ್ಲೇಖಿಸಿದೆ. ದೇಶದೊಳಗಿನ ಜಗಳಕ್ಕೂ ಆ ತತ್ವವೇ ಅಳತೆಗೋಲಾಯಿತು.

ಬರೆದಿಟ್ಟ ಜಾಗತಿಕ ಕಾನೂನೆಂದರೆ ವಿಶ್ವಸಂಸ್ಥೆಯ 1997ರ ಜಲಮಾರ್ಗ ಸಮಾವೇಶ, ಅಂದರೆ ಹಂಚಿಕೆಯ ನದಿಗಳ ಬಗೆಗಿನ ಒಡಂಬಡಿಕೆ. ಅದರ 5ನೇ ವಿಧಿ ನ್ಯಾಯಯುತ ಬಳಕೆಯ ಬಗ್ಗೆ, 7ನೇ ವಿಧಿ ಇನ್ನೊಬ್ಬರಿಗೆ ಗಣನೀಯ ಹಾನಿ ಮಾಡದಿರುವ ಬಗ್ಗೆ. ಮೇಲಿನವರು ಸದಾ 5ನ್ನು, ಕೆಳಗಿನವರು ಸದಾ 7ನ್ನು ಹಿಡಿದುಕೊಳ್ಳುತ್ತಾರೆ. ಹೊಸ ಅಣೆಕಟ್ಟಿನ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು 12ರಿಂದ 18ರವರೆಗಿನ ವಿಧಿಗಳು. ಅಲ್ಲಿರುವ ಕ್ರಮ ಹೀಗೆ: ಕಟ್ಟುವ ದೇಶ ಪರಿಸರ ಪರಿಣಾಮದ ಅಧ್ಯಯನವೂ ಸೇರಿದಂತೆ ತನ್ನಲ್ಲಿರುವ ತಾಂತ್ರಿಕ ಮಾಹಿತಿಯ ಜತೆ ನೋಟಿಸ್ ಕೊಡಬೇಕು. ಕೆಳಗಿನ ದೇಶಕ್ಕೆ ಉತ್ತರಿಸಲು 6 ತಿಂಗಳು; ವಿಶೇಷ ಕಷ್ಟವಿದೆ ಎಂದರೆ ಇನ್ನೂ 6 ತಿಂಗಳು. ಆ ಅವಧಿಯಲ್ಲಿ ಒಪ್ಪಿಗೆಯಿಲ್ಲದೆ ಕೆಲಸ ಶುರು ಮಾಡುವಂತಿಲ್ಲ. ಉತ್ತರವೇ ಬರದಿದ್ದರೆ ಮುಂದುವರಿಯಬಹುದು. ಆಕ್ಷೇಪ ಬಂದರೆ ಸಮಾಲೋಚನೆ, ಕೇಳಿಕೊಂಡರೆ ಮತ್ತೆ 6 ತಿಂಗಳ ತಡೆ. ಎಲ್ಲ ಸೇರಿ ಹೆಚ್ಚೆಂದರೆ ಒಂದೂವರೆ ವರ್ಷ. ಅದರಾಚೆ ‘ಬೇಡ’ ಎಂದು ತಡೆದು ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ.

ಈ ಸಮಾವೇಶಕ್ಕೆ ಮಹಾಸಭೆಯಲ್ಲಿ 103 ಮತ ಬಿದ್ದವು. ವಿರೋಧಿಸಿದ್ದು ಚೀನಾ, ಟರ್ಕಿ, ಬುರುಂಡಿ. ಭಾರತ, ಪಾಕಿಸ್ತಾನ, ಈಜಿಪ್ಟ್, ಇಥಿಯೋಪಿಯಾ ತಟಸ್ಥವಾಗಿ ಉಳಿದವು. ಜಾರಿಗೆ ಬೇಕಾದ 35 ಅನುಮೋದನೆಗಳು ಕೂಡಿಬರಲು 2014ರ ತನಕ ಕಾಯಬೇಕಾಯಿತು. ಎಲ್ಲಿ ನೀರಿನ ಜಗಳ ಜೋರಾಗಿದೆಯೋ ಅಲ್ಲಿನ ದೊಡ್ಡ ದೇಶಗಳೇ ಇದರೊಳಗೆ ಬಂದಿಲ್ಲ. ಹಾಗಾಗಿ ಉಳಿಯುವುದು ರೂಢಿಗತ ಕಾನೂನು, ಅಂದರೆ ಸಹಿ ಹಾಕದಿದ್ದರೂ ಎಲ್ಲ ದೇಶಗಳಿಗೂ ಅನ್ವಯಿಸುತ್ತದೆಂದು ನ್ಯಾಯಾಲಯಗಳು ಗುರುತಿಸಿದ ನಿಯಮಗಳು. ಗಡಿಯಾಚೆಗೆ ಗಣನೀಯ ಹಾನಿಯ ಸಂಭವವಿದ್ದರೆ ಮೊದಲೇ ಪರಿಸರ ಪರಿಣಾಮ ಅಧ್ಯಯನ ಮಾಡಬೇಕು ಎಂಬುದು ಅಂಥದ್ದೊಂದು. ಅರ್ಜೆಂಟೀನಾ ಮತ್ತು ಉರುಗ್ವೆ ನಡುವಿನ ಕಾಗದ ಗಿರಣಿ ಪ್ರಕರಣದಲ್ಲಿ 2010ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ಸ್ಪಷ್ಟವಾಗಿ ಹೇಳಿತು.

ಅಣೆಕಟ್ಟಿನ ಬಗ್ಗೆಯೇ ಆ ನ್ಯಾಯಾಲಯ ಕೊಟ್ಟ ದೊಡ್ಡ ತೀರ್ಪು ಡ್ಯಾನ್ಯೂಬ್ ನದಿಯದು. 1977ರಲ್ಲಿ ಹಂಗೆರಿ ಮತ್ತು ಚೆಕೊಸ್ಲೊವಾಕಿಯಾ ಜಂಟಿ ಅಣೆಕಟ್ಟುಗಳಿಗೆ ಒಪ್ಪಂದ ಮಾಡಿಕೊಂಡವು. ಪರಿಸರದ ಆತಂಕ ಮುಂದಿಟ್ಟು ಹಂಗೆರಿ 1989ರಲ್ಲಿ ಕೆಲಸ ನಿಲ್ಲಿಸಿತು, 1992ರಲ್ಲಿ ಒಪ್ಪಂದವನ್ನೇ ರದ್ದು ಮಾಡಿತು. ಅದೇ ವರ್ಷ ಆಚೆ ಕಡೆಯವರು ತಮ್ಮ ನೆಲದಲ್ಲೇ ಬೇರೆ ಕಟ್ಟೆ ಕಟ್ಟಿ ನದಿಯ ಬಹುಪಾಲು ನೀರನ್ನು ಕಾಲುವೆಗೆ ತಿರುಗಿಸಿದರು. 1997ರ ತೀರ್ಪು ಇಬ್ಬರದೂ ತಪ್ಪು ಎಂದಿತು: ಏಕಪಕ್ಷೀಯವಾಗಿ ಒಪ್ಪಂದ ಬಿಡುವಂತಿಲ್ಲ, ಏಕಪಕ್ಷೀಯವಾಗಿ ನೀರು ತಿರುಗಿಸುವಂತೆಯೂ ಇಲ್ಲ, ಒಪ್ಪಂದ ಇನ್ನೂ ಜೀವಂತವಾಗಿದೆ, ಕೂತು ಮಾತಾಡಿ. ಆ ಮಾತುಕತೆ ದಶಕಗಳ ಕಾಲ ಎಳೆಯಿತು. ತಿರುಗಿಸಿದ ನೀರು ಕಾಲುವೆಯಲ್ಲೇ ಹರಿಯುತ್ತ ಹೋಯಿತು. ಕಟ್ಟಿದ ಮೇಲೆ ಬರುವ ತೀರ್ಪಿಗೆ ಕಾಂಕ್ರೀಟನ್ನು ಅಲುಗಿಸುವ ಶಕ್ತಿ ಇರುವುದಿಲ್ಲ. ಕೆಳಗಿನ ದೇಶಗಳು ಅಡಿಪಾಯದ ಹಂತದಲ್ಲೇ ಗದ್ದಲ ಎಬ್ಬಿಸುವುದಕ್ಕೆ ಇದೇ ಕಾರಣ.

ನೈಲ್: ತತ್ವಗಳು ಹತ್ತು, ಅಂಕಿ ಒಂದೂ ಇಲ್ಲ

ನೈಲ್ ನೀರಿನ ಹಳೆಯ ಲೆಕ್ಕ ಹೀಗಿದೆ. 1929ರಲ್ಲಿ ಬ್ರಿಟನ್ ಮತ್ತು ಈಜಿಪ್ಟ್ ನಡುವಿನ ಪತ್ರ ವಿನಿಮಯದ ಪ್ರಕಾರ, ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಈಜಿಪ್ಟಿಗೆ ಹಾನಿಯಾಗುವ ಯಾವ ಕಟ್ಟೆಯನ್ನೂ ಅದರ ಒಪ್ಪಿಗೆಯಿಲ್ಲದೆ ಕಟ್ಟುವಂತಿಲ್ಲ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ವಾರ್ಷಿಕ 84 ಶತಕೋಟಿ ಘನ ಮೀಟರ್ ಹರಿವನ್ನು ಪೂರ್ತಿ ಹಂಚಿಕೊಂಡವು: ಈಜಿಪ್ಟಿಗೆ 55.5, ಸುಡಾನಿಗೆ 18.5, ಅಸ್ವಾನ್ ಜಲಾಶಯದಲ್ಲಿ ಆವಿಯಾಗುವುದಕ್ಕೆ 10. ಆವಿಗೂ ಒಂದು ಪಾಲು ಸಿಕ್ಕಿದ ಆ ಲೆಕ್ಕದಲ್ಲಿ ನೈಲ್ ನೀರಿನ ಸುಮಾರು ಶೇ 85ರಷ್ಟನ್ನು ಕೊಡುವ ಇಥಿಯೋಪಿಯಾದ ಹೆಸರೇ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಆ ಎರಡೂ ಒಪ್ಪಂದಗಳ ಹೊರಗಿನ ದೇಶ; ಸಹಿ ಹಾಕದ ಕಾಗದ ಅದನ್ನು ಕಟ್ಟುವುದಿಲ್ಲ. ಈಜಿಪ್ಟ್ ಅದಕ್ಕಾಗಿ 1902ರ ಇನ್ನೊಂದು ಕಾಗದ ತೋರಿಸುತ್ತದೆ. ನೀಲಿ ನೈಲ್ ಹರಿವನ್ನು ತಡೆಯುವ ಕಟ್ಟೆ ಕಟ್ಟುವುದಿಲ್ಲ ಎಂದು ಚಕ್ರವರ್ತಿ ಎರಡನೇ ಮೆನೆಲಿಕ್ ಅದರಲ್ಲಿ ಬ್ರಿಟನ್ನಿಗೆ ಮಾತು ಕೊಟ್ಟಿದ್ದರು. ವಸಾಹತು ಕಾಲದ ಆ ಮಾತಿಗೆ ಇಂದು ಬೆಲೆಯಿಲ್ಲ ಎಂಬುದು ಇಥಿಯೋಪಿಯಾದ ನಿಲುವು.

ಮೈಸೂರಿನ ಚರಿತ್ರೆ ಬಲ್ಲವರಿಗೆ ಈ ರಾಗ ಹೊಸದಲ್ಲ. ಮದ್ರಾಸಿನ ಮುನ್ನೊಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ ಎಂದ 1892ರ ಒಪ್ಪಂದ, 1924ರದ್ದು, ಅವುಗಳ ಬಲಾಬಲದ ಬಗ್ಗೆ 2018ರವರೆಗೆ ನಡೆದ ವಾದ, ಎಲ್ಲವೂ ಇದೇ ಜಾಡಿನವು.

ನೈಲ್‌ನ ಮೇಲಿನ ದೇಶಗಳು 2010ರಲ್ಲಿ ಉಗಾಂಡಾದ ಎಂಟೆಬೆಯಲ್ಲಿ ತಮ್ಮದೇ ಸಹಕಾರ ಒಪ್ಪಂದ ಮುಂದಿಟ್ಟವು. ‘ಈಗಿನ ಬಳಕೆ ಮತ್ತು ಹಕ್ಕುಗಳಿಗೆ’ ಧಕ್ಕೆಯಾಗಬಾರದು ಎಂಬ ಮಾತು 14ನೇ ವಿಧಿಯಲ್ಲಿ ಸೇರಬೇಕೆಂದು ಈಜಿಪ್ಟ್ ಮತ್ತು ಸುಡಾನ್ ಪಟ್ಟು ಹಿಡಿದವು; ಸೇರಿಸಿದರೆ 1959ರ ಹಂಚಿಕೆ ಹಿಂಬಾಗಿಲಿನಿಂದ ಬಂದಂತೆ ಎಂದು ಉಳಿದವರು ಬಿಟ್ಟುಕೊಡಲಿಲ್ಲ. ದಕ್ಷಿಣ ಸುಡಾನ್ ಅನುಮೋದಿಸಿದ ಮೇಲೆ 2024ರ ಅಕ್ಟೋಬರ್ 13ರಂದು ಅದು ಜಾರಿಗೆ ಬಂತು, ಈಜಿಪ್ಟ್ ಮತ್ತು ಸುಡಾನ್ ಇಲ್ಲದೆಯೇ.

ಇನ್ನು ಜಲಾಶಯ ತುಂಬಿಸುವ ವಿಚಾರ. ಆ ಜಾಗದಲ್ಲಿ ನೀಲಿ ನೈಲ್‌ನ ಸರಾಸರಿ ವಾರ್ಷಿಕ ಹರಿವು ಸುಮಾರು 49 ಶತಕೋಟಿ ಘನ ಮೀಟರ್. ಜಲಾಶಯ ಹಿಡಿಯುವುದು 74. ಒಂದೂವರೆ ವರ್ಷದ ಇಡೀ ನದಿ ಬೇಕು. ಎಷ್ಟು ವರ್ಷಗಳಲ್ಲಿ ತುಂಬಿಸಬೇಕು ಎಂಬುದೇ ಈಜಿಪ್ಟಿಗೆ ಜೀವನ್ಮರಣದ ಪ್ರಶ್ನೆ, ಏಕೆಂದರೆ ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಇಷ್ಟೇ ವರ್ಷ ಎಂದು ನಿಗದಿ ಮಾಡುವುದೂ ಸರಿಯಾಗದು. ಒಳ್ಳೆ ಮಳೆಯ ನಾಲ್ಕು ವರ್ಷ ಯಾರಿಗೂ ನೋವಾಗದಂತೆ ಕಳೆಯಬಹುದು. ಬರದ ಏಳು ವರ್ಷ ಈಜಿಪ್ಟಿನ ಗದ್ದೆಗಳನ್ನು ಒಣಗಿಸಬಹುದು. ಸರಿಯಾದ ನಿಯಮ ಒಳಹರಿವಿಗೆ ಗಂಟು ಹಾಕಿದ ನಿಯಮ: ಇಷ್ಟು ಬಂದರೆ ಇಷ್ಟು ಹಿಡಿದುಕೊ, ಇದಕ್ಕಿಂತ ಕಡಿಮೆ ಬಂದರೆ ಇಷ್ಟು ಬಿಡು.

ನಮ್ಮಲ್ಲಿ ಇದಕ್ಕೆ ‘ಸಂಕಷ್ಟ ಸೂತ್ರ’ ಎನ್ನುತ್ತೇವೆ. ಕಾವೇರಿಯಲ್ಲಿ ಪ್ರತಿ ಬರಗಾಲವೂ ಇದರ ಸುತ್ತಲೇ ತಿರುಗುತ್ತದೆ. 2019ರ ನವೆಂಬರ್‌ನಿಂದ 2020ರ ಫೆಬ್ರವರಿವರೆಗೆ ವಾಷಿಂಗ್ಟನ್‌ನಲ್ಲಿ ನಡೆದ ಮಾತುಕತೆಯೂ ಇಲ್ಲಿಗೇ ಬಂದು ನಿಂತಿತು. ವಾರ್ಷಿಕ ಹರಿವು 37 ಶತಕೋಟಿ ಘನ ಮೀಟರಿಗೆ ಇಳಿದರೆ ಅದನ್ನು ಬರವೆಂದು ಪರಿಗಣಿಸಿ, ಜಲಾಶಯದ ಸಂಗ್ರಹದಿಂದ ನೀರು ಬಿಡಬೇಕು ಎಂಬ ಕರಡು ಮೇಜಿನ ಮೇಲಿತ್ತು. ಈಜಿಪ್ಟ್ ಅದಕ್ಕೆ ಕಿರುಸಹಿ ಹಾಕಿತು. ಇಥಿಯೋಪಿಯಾ ಕೊನೆಯ ಸಭೆಗೆ ಬರಲಿಲ್ಲ. ಅದರ ಭಯ ಬರಗಾಲದ ಒಂದು ವರ್ಷದ್ದಾಗಿರಲಿಲ್ಲ. ‘ಕನಿಷ್ಠ ಇಷ್ಟು ಬಿಡುತ್ತೇನೆ’ ಎಂದು ಒಮ್ಮೆ ಬರೆದುಕೊಟ್ಟರೆ ಅದು ಕೆಳಗಿನವರ ಶಾಶ್ವತ ಪಾಲಾಗುತ್ತದೆ. ನಾಳೆ ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರಾವರಿ ಮಾಡಹೊರಟರೆ ಆ ಅಂಕಿಯೇ ಅಡ್ಡ ಬರುತ್ತದೆ. ಈ ಭಯ ಹುರುಳಿಲ್ಲದ್ದಲ್ಲ. ಇದಕ್ಕೆ ಪರಿಹಾರ, ಬರದ ವರ್ಷದ ಬಿಡುಗಡೆ ನೀರಿನ ಹಕ್ಕನ್ನು ಹುಟ್ಟಿಸುವುದಿಲ್ಲ ಎಂದು ಅದೇ ಕಾಗದದಲ್ಲಿ ಬರೆದು, ಹತ್ತು ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಅವಕಾಶ ಇಡುವುದು. ಅಷ್ಟರ ಮಟ್ಟಿನ ನಂಬಿಕೆ ಅವರ ನಡುವೆ ಉಳಿದಿರಲಿಲ್ಲ.

2015ರ ಮಾರ್ಚ್ 23ರಂದು ಖಾರ್ಟೂಮಿನಲ್ಲಿ ಮೂವರೂ ನಾಯಕರು ಸಹಿ ಹಾಕಿದ ‘ತತ್ವಗಳ ಘೋಷಣೆ’ ಇದೆಯಲ್ಲ ಎಂದು ಕೇಳಬಹುದು. ಅದರಲ್ಲಿ ಹತ್ತು ತತ್ವಗಳಿವೆ: ಸಹಕಾರ, ನ್ಯಾಯಯುತ ಬಳಕೆ, ಹಾನಿ ಮಾಡದಿರುವುದು. ತುಂಬಿಸುವ ನಿಯಮವನ್ನು ಅಧ್ಯಯನದ ಆಧಾರದ ಮೇಲೆ ಆಮೇಲೆ ರೂಪಿಸುವುದು ಎಂದು 5ನೇ ತತ್ವ ಹೇಳಿತು. ಆ ಅಧ್ಯಯನ ಆರಂಭದ ವರದಿಯ ಹಂತದಲ್ಲೇ 2017ರಲ್ಲಿ ನಿಂತುಹೋಯಿತು. ಹಾನಿಯನ್ನು ಅಳೆಯಲು ‘ಮೊದಲಿನ ಸ್ಥಿತಿ’ ಯಾವುದೆಂದು ಇಟ್ಟುಕೊಳ್ಳಬೇಕು? 1959ರ ಹಂಚಿಕೆಯನ್ನು ಇಟ್ಟುಕೊಂಡರೆ ಇಥಿಯೋಪಿಯಾ ಅದನ್ನು ಒಪ್ಪಿದಂತಾಗುತ್ತದೆ. ಬಿಟ್ಟರೆ ಈಜಿಪ್ಟ್ ಅದನ್ನು ಕೈಬಿಟ್ಟಂತಾಗುತ್ತದೆ. 10ನೇ ತತ್ವದ ಪ್ರಕಾರ ಮಧ್ಯಸ್ಥಿಕೆ ಬೇಕಾದರೂ ಮೂವರೂ ಸೇರಿ ಕೇಳಬೇಕು. ಒಬ್ಬರು ಒಲ್ಲೆ ಎಂದರೆ ದಾರಿ ಮುಗಿಯಿತು. 2020 ಮತ್ತು 2021ರಲ್ಲಿ ವಿಷಯ ಭದ್ರತಾ ಮಂಡಳಿಗೂ ಹೋಯಿತು. ಆಫ್ರಿಕಾ ಒಕ್ಕೂಟದ ಮುಂದೆ ಮಾತುಕತೆ ಮುಂದುವರಿಸಿ ಎಂಬ ಹೇಳಿಕೆಯಷ್ಟೇ ಅಲ್ಲಿಂದ ಬಂತು.

ಇತ್ತ 2020ರ ಜುಲೈನಲ್ಲಿ ಮೊದಲ ಹಂತದ ನೀರು ನಿಂತಿತು, 4.9 ಶತಕೋಟಿ ಘನ ಮೀಟರ್. ಸುಡಾನಿನ ಗಡಿಯ ಮಾಪನ ಕೇಂದ್ರದಲ್ಲಿ ದಿನಕ್ಕೆ 9 ಕೋಟಿ ಘನ ಮೀಟರ್, ಅಂದರೆ 3 ಟಿಎಂಸಿಗೂ ಹೆಚ್ಚು, ಹರಿವು ಕುಸಿದದ್ದು ಕಂಡಾಗಲೇ ಅಲ್ಲಿನ ನೀರಾವರಿ ಇಲಾಖೆ ಗೇಟುಗಳು ಮುಚ್ಚಿವೆ ಎಂದು ಸಾರಿತು. ಈ ಪ್ರಕರಣದಲ್ಲಿ ಸುಡಾನಿನ ಸ್ಥಿತಿ ಎಲ್ಲರಿಗಿಂತ ನಾಜೂಕು. ಈಜಿಪ್ಟಿನ ಬೆನ್ನಿಗೆ 162 ಶತಕೋಟಿ ಘನ ಮೀಟರಿನ ಅಸ್ವಾನ್ ಇದೆ. ಒಂದೆರಡು ವರ್ಷದ ಏರುಪೇರನ್ನು ಅದು ನುಂಗಿಕೊಳ್ಳುತ್ತದೆ. ಸುಡಾನಿನ ರೊಸೇರಿಸ್ ಜಲಾಶಯ 2013ರಲ್ಲಿ ಎತ್ತರಿಸಿದ ಮೇಲೂ ಸುಮಾರು 7 ಶತಕೋಟಿ ಘನ ಮೀಟರಿನದ್ದು, ಇಥಿಯೋಪಿಯಾದ ಜಲಾಶಯದ ಹತ್ತನೇ ಒಂದು ಭಾಗ. ಅದನ್ನು ಯಾವಾಗ ಖಾಲಿ ಇಡಬೇಕು, ಯಾವಾಗ ತುಂಬಿಸಬೇಕು ಎಂಬುದು ಮೇಲಿನಿಂದ ಬರುವ ದೈನಂದಿನ ಮಾಹಿತಿಯ ಮೇಲೆ ನಿಂತಿದೆ. ಆ ಮಾಹಿತಿ ತಪ್ಪಿದರೆ ಹೆಚ್ಚು ನೀರು ಬಂದಾಗ ಕಟ್ಟೆಗೇ ಅಪಾಯ, ಕಡಿಮೆ ಬಂದಾಗ ನಗರಗಳ ಕುಡಿಯುವ ನೀರಿನ ಪಂಪುಗಳಿಗೆ ನೀರು ಎಟುಕುವುದಿಲ್ಲ. ಪಾಲಿನ ಜಗಳ ಬಗೆಹರಿಯುವ ತನಕ ಕಾಯದೆ, ಮಾಹಿತಿ ಹಂಚಿಕೆಗೆ ಮಾತ್ರ ಪ್ರತ್ಯೇಕವಾಗಿ ಒಂದು ಪುಟದ ಕಟ್ಟುನಿಟ್ಟಿನ ಒಪ್ಪಂದ ಮಾಡಿಕೊಂಡಿದ್ದರೂ ಸುಡಾನಿನ ಲಕ್ಷಾಂತರ ಜನಕ್ಕೆ ರಕ್ಷಣೆ ಸಿಗುತ್ತಿತ್ತು.

ಸಾಲ ಕೊಡುವವರ ನಿಯಮಕ್ಕೆ ಕೆಲವೊಮ್ಮೆ ಅಂತರರಾಷ್ಟ್ರೀಯ ಕಾನೂನಿಗಿಂತ ಹೆಚ್ಚು ಬಲ ಇರುತ್ತದೆ. ಹಂಚಿಕೆಯ ನದಿಯ ಮೇಲಿನ ಯೋಜನೆಗೆ ಸಾಲ ಬೇಕಾದರೆ ಇತರ ದೇಶಗಳಿಗೆ ನೋಟಿಸ್ ಹೋಗಲೇಬೇಕು ಎಂದು ವಿಶ್ವ ಬ್ಯಾಂಕಿನ ನೀತಿ ಹೇಳುತ್ತದೆ. ಇಥಿಯೋಪಿಯಾ ಬಾಂಡ್ ಮಾರಿ, ಸರ್ಕಾರಿ ನೌಕರರ ಸಂಬಳದಿಂದ ಸಂಗ್ರಹಿಸಿ ಕಟ್ಟೆ ಕಟ್ಟಿತು. ಅಲ್ಲಿಗೆ ಆ ಹಿಡಿತವೂ ತಪ್ಪಿತು.

ಸಿಂಧೂ: ಗೇಟಿನ ಮಟ್ಟದವರೆಗೆ ಬರೆದದ್ದು

1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರು ಮತ್ತು ಅಯೂಬ್ ಖಾನ್ ಸಹಿ ಹಾಕಿದ ಸಿಂಧೂ ಒಪ್ಪಂದ ಇದಕ್ಕೆ ತೀರಾ ವಿರುದ್ಧ. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೀಲಂ, ಚಿನಾಬ್ ಪಾಕಿಸ್ತಾನಕ್ಕೆ. ಪಶ್ಚಿಮದ ಈ ಮೂರು ನದಿಗಳ ಮೇಲೆ ಭಾರತ ಒಟ್ಟು 36 ಲಕ್ಷ ಎಕರೆ-ಅಡಿ, ಸುಮಾರು 157 ಟಿಎಂಸಿ ಸಂಗ್ರಹಿಸಬಹುದು. ಹರಿಯುವ ನೀರಿನಿಂದ ವಿದ್ಯುತ್ ತೆಗೆಯಬಹುದು. ಹೇಗೆ ತೆಗೆಯಬೇಕೆಂಬುದು ಅನುಬಂಧ ‘ಡಿ’ಯಲ್ಲಿದೆ, ಅದರ 8ನೇ ಪ್ಯಾರಾವನ್ನು ಓದಿದರೆ ಎಂಜಿನಿಯರ್‌ಗಳು ಬರೆದದ್ದೆಂದು ಗೊತ್ತಾಗುತ್ತದೆ. ದಿನ ಮತ್ತು ವಾರದೊಳಗಿನ ಏರಿಳಿತಕ್ಕೆ ಹಿಡಿದಿಡುವ ನೀರು, ಖಾತರಿ ವಿದ್ಯುತ್ತಿಗೆ (ಹರಿವು ಕನಿಷ್ಠವಿದ್ದಾಗಲೂ ಸಿಗುವ ವಿದ್ಯುತ್ತು) ಬೇಕಾದುದರ ಎರಡು ಪಟ್ಟು ಮೀರಬಾರದು. ಹೂಳು ತೆಗೆಯಲು ಅಥವಾ ತಾಂತ್ರಿಕವಾಗಿ ಅನಿವಾರ್ಯವಾದರೆ ಹೊರತು ಡೆಡ್ ಸ್ಟೋರೇಜ್ ಮಟ್ಟದ (ವಿದ್ಯುತ್ತಿಗೆ ಬಳಸದೆ ತಳದಲ್ಲಿ ಉಳಿಸಿಡುವ ನೀರಿನ ಮಟ್ಟ) ಕೆಳಗೆ ತೂಬು ಇರಬಾರದು. ಇದ್ದರೂ ಸಾಧ್ಯವಾದಷ್ಟು ಚಿಕ್ಕದು, ಸಾಧ್ಯವಾದಷ್ಟು ಎತ್ತರದಲ್ಲಿ. ಕೋಡಿಗೆ ಗೇಟು ಬೇಕೇ ಬೇಕೆಂದರೆ ಅದರ ತಳ ಸಾಧ್ಯವಾದಷ್ಟು ಮೇಲಿರಬೇಕು. ಟರ್ಬೈನಿಗೆ ನೀರು ಎಳೆಯುವ ಬಾಯಿಯೂ ಹಾಗೆಯೇ. ಕಾಮಗಾರಿಗೆ 6 ತಿಂಗಳು ಮೊದಲು ವಿನ್ಯಾಸ ಕಳಿಸಬೇಕು, 3 ತಿಂಗಳೊಳಗೆ ಆಕ್ಷೇಪ ಹೇಳಬೇಕು.

ಇಷ್ಟೆಲ್ಲ ಯಾಕೆ? ಗೇಟು ಕೆಳಗಿದ್ದಷ್ಟೂ ಮೇಲಿನವರ ಕೈಗೆ ಹೆಚ್ಚು ನೀರಿನ ಹಿಡಿತ ಸಿಗುತ್ತದೆ. ಆದರೆ ಹಿಮಾಲಯದ ನದಿಗೆ ಗೇಟು ಮೇಲಿಟ್ಟರೆ ಹೂಳು ಹೊರಹೋಗುವುದಿಲ್ಲ. ಇದರ ಬೆಲೆ ಮೊದಲು ಕಂಡದ್ದು ಚಿನಾಬ್ ಮೇಲಿನ 690 ಮೆಗಾವಾಟ್ ಸಲಾಲ್‌ನಲ್ಲಿ. ಪಾಕಿಸ್ತಾನದ ಆಕ್ಷೇಪಕ್ಕೆ ಮಣಿದು 1978ರ ಒಪ್ಪಂದದಲ್ಲಿ ಕೋಡಿ ಗೇಟುಗಳ ಎತ್ತರವನ್ನು 40 ಅಡಿಯಿಂದ 30 ಅಡಿಗೆ ಇಳಿಸಲಾಯಿತು. ಆರು ಕೆಳತೂಬುಗಳಿಗೆ ಕಾಂಕ್ರೀಟ್ ತುಂಬಲಾಯಿತು. ಕೆಲವೇ ವರ್ಷಗಳಲ್ಲಿ ಹೂಳು ಹೆಚ್ಚುಕಡಿಮೆ ಕೋಡಿಯ ಮಟ್ಟಕ್ಕೆ ಏರಿತು. ತುಂಗಭದ್ರಾ ಜಲಾಶಯ ಹೂಳಿಗೆ ಎಷ್ಟು ಟಿಎಂಸಿ ಕಳೆದುಕೊಂಡಿದೆ ಎಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಜಗಳ ಅದೇ ಚಿನಾಬ್ ಮೇಲಿನ ಬಗ್ಲಿಹಾರ್‌ನದು. ಏರಿಳಿತಕ್ಕೆ ಹಿಡಿದಿಡಲು ಭಾರತ 3.75 ಕೋಟಿ ಘನ ಮೀಟರ್ ಸಂಗ್ರಹ ಬೇಕೆಂದಿತು, ಪಾಕಿಸ್ತಾನ 62.2 ಲಕ್ಷ ಸಾಕೆಂದಿತು. ಸ್ವಿಸ್ ತಜ್ಞ ರೇಮಂಡ್ ಲಾಫಿಟ್ 2007ರ ಫೆಬ್ರವರಿಯಲ್ಲಿ 3.256 ಕೋಟಿ ಎಂದು ತೀರ್ಮಾನಿಸಿದರು. ಕಟ್ಟೆಯ ಮೇಲ್ಭಾಗವನ್ನು ಒಂದೂವರೆ ಮೀಟರ್ ಇಳಿಸಲು, ನೀರೆಳೆಯುವ ಬಾಯಿಯನ್ನು 3 ಮೀಟರ್ ಏರಿಸಲು ಹೇಳಿದರು. ಕೆಳಮಟ್ಟದ ಗೇಟುಗಳಿಗೆ ಹೂಳಿನ ಕಾರಣಕ್ಕೆ ಒಪ್ಪಿಗೆ ಕೊಟ್ಟರು. ಹೇಗ್ ನ್ಯಾಯಮಂಡಳಿ 2013ರಲ್ಲಿ ಝೀಲಂನ ಉಪನದಿಯಾದ ಕಿಶನ್‌ಗಂಗಾ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು: ನೀರು ತಿರುಗಿಸಬಹುದು, ಆದರೆ ನದಿಗೆ ಸೆಕೆಂಡಿಗೆ 9 ಘನ ಮೀಟರ್ ಸದಾ ಬಿಡಬೇಕು, ಅನಿರೀಕ್ಷಿತ ತುರ್ತಿನ ಹೊರತು ಹೂಳು ಕೊಚ್ಚಲೆಂದು ಜಲಾಶಯವನ್ನು ಡೆಡ್ ಸ್ಟೋರೇಜ್‌ಗಿಂತ ಕೆಳಗೆ ಇಳಿಸುವಂತಿಲ್ಲ. ಒಂದೇ ಒಪ್ಪಂದ, ಹೂಳಿನ ಬಗ್ಗೆ ಎರಡು ತೀರ್ಪು, ಎರಡು ದಿಕ್ಕು.

ಬಗ್ಲಿಹಾರ್‌ನ ಅಂತಿಮ ಅಂಕಿ ನಮ್ಮ ಲೆಕ್ಕದಲ್ಲಿ 1.15 ಟಿಎಂಸಿ. ಇದಕ್ಕಾಗಿ ಇಷ್ಟು ಜಗಳವೇ ಎನಿಸುತ್ತದೆ. ಬೇಸಿಗೆಯ ಕೊನೆಗೆ ಚಿನಾಬ್ 55,000 ಕ್ಯುಸೆಕ್ ಹರಿಯುತ್ತಿದ್ದರೆ ಆ ಜಾಗ 6 ಗಂಟೆಯೊಳಗೆ ತುಂಬಿಹೋಗುತ್ತದೆ. ಕೆಳಗೆ ಗೊತ್ತೂ ಆಗದು. ಹರಿವು 10,000 ಕ್ಯುಸೆಕ್‌ಗೆ ಇಳಿದಿರುವಾಗ ಅದೇ ಜಾಗ ಸುಮಾರು 32 ಗಂಟೆಗಳ ಇಡೀ ನದಿಯನ್ನು ಹಿಡಿಯುತ್ತದೆ. ಒಂದರ ಕೆಳಗೊಂದು ನಾಲ್ಕೈದು ಕಟ್ಟೆಗಳಿದ್ದು ಎಲ್ಲವನ್ನೂ ಒಟ್ಟಿಗೆ ಮುಚ್ಚಿ ತೆರೆದರೆ ಚಳಿಗಾಲದ ಗೋಧಿ ಬಿತ್ತನೆಯ ವಾರದಲ್ಲಿ ಕಾಲುವೆ ಒಣಗಬಹುದು. ಖಾಲಿ ಮಾಡಿದ ಜಲಾಶಯವನ್ನು ಮತ್ತೆ ತುಂಬಿಸಲು ಒಪ್ಪಂದ ಚಿನಾಬ್‌ನಲ್ಲಿ ಜೂನ್ 21ರಿಂದ ಆಗಸ್ಟ್ 31ರವರೆಗೆ ಮಾತ್ರ ಅವಕಾಶ ಕೊಟ್ಟಿರುವುದು, ಆಗಲೂ ಪಾಕಿಸ್ತಾನದ ಮರಾಲಾ ಬಳಿ 55,000 ಕ್ಯುಸೆಕ್‌ಗಿಂತ ಕಡಿಮೆಯಾಗಬಾರದು ಎಂದಿರುವುದು ಇದೇ ಕಾರಣಕ್ಕೆ.

ಕೆಟ್ಟದ್ದು ಎಲ್ಲಿ? ವ್ಯಾಜ್ಯ ಬಗೆಹರಿಸಲು ಒಪ್ಪಂದದಲ್ಲಿ ಮೂರು ಮೆಟ್ಟಿಲಿವೆ: ಎರಡೂ ದೇಶಗಳ ಸಿಂಧೂ ಆಯುಕ್ತರ ನಡುವಿನ ಪ್ರಶ್ನೆ, ತಟಸ್ಥ ತಜ್ಞರ ಮುಂದಿನ ಭಿನ್ನಾಭಿಪ್ರಾಯ, ಏಳು ಜನರ ನ್ಯಾಯಮಂಡಳಿಯ ಮುಂದಿನ ವಿವಾದ. 2016ರಲ್ಲಿ ಕಿಶನ್‌ಗಂಗಾ ಮತ್ತು ಚಿನಾಬ್ ಮೇಲಿನ 850 ಮೆಗಾವಾಟ್ ರತ್ಲೆ ವಿನ್ಯಾಸದ ಬಗ್ಗೆ ಭಾರತ ತಜ್ಞರನ್ನು ಕೇಳಿತು, ಪಾಕಿಸ್ತಾನ ನ್ಯಾಯಮಂಡಳಿಯನ್ನು ಕೇಳಿತು. ಆರು ವರ್ಷ ಎಳೆದಾಡಿ 2022ರಲ್ಲಿ, ಒಪ್ಪಂದಕ್ಕೆ ಮಧ್ಯಸ್ಥಿಕೆ ವಹಿಸಿದ್ದ ವಿಶ್ವ ಬ್ಯಾಂಕ್ ಎರಡನ್ನೂ ನೇಮಿಸಿತು. ಒಂದೇ ಪ್ರಶ್ನೆಗೆ ಎರಡು ಪೀಠ ಕೂರಿಸಿದ್ದು ಕಾನೂನಿನ ದೃಷ್ಟಿಯಿಂದ ದೊಡ್ಡ ಎಡವಟ್ಟು. ನ್ಯಾಯಮಂಡಳಿಯನ್ನು ಭಾರತ ಮಾನ್ಯ ಮಾಡಲಿಲ್ಲ. ಒಪ್ಪಂದವನ್ನೇ ಪರಿಷ್ಕರಿಸಬೇಕೆಂದು 2023 ಮತ್ತು 2024ರಲ್ಲಿ ನೋಟಿಸ್ ಕೊಟ್ಟಿತು. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು.

‘ಅಮಾನತು’ ಒಪ್ಪಂದದೊಳಗಿನ ಮಾತಲ್ಲ. ಇಬ್ಬರೂ ಅನುಮೋದಿಸಿದ ಇನ್ನೊಂದು ಒಪ್ಪಂದ ಬರುವವರೆಗೆ ಇದು ಮುಂದುವರಿಯುತ್ತದೆ ಎಂದು 12ನೇ ವಿಧಿ ಹೇಳುತ್ತದೆ. ಮೂಲಭೂತ ಉಲ್ಲಂಘನೆಯಾದಾಗ, ಪರಿಸ್ಥಿತಿ ಬುಡಮೇಲಾದಾಗ ಒಪ್ಪಂದ ತಡೆಹಿಡಿಯಲು, ಒಪ್ಪಂದಗಳ ಕಾನೂನಿನ ಬಗೆಗಿನ 1969ರ ವಿಯೆನ್ನಾ ಸಮಾವೇಶದಲ್ಲಿ ದಾರಿಯಿದೆ. ಭಾರತ ಅದರ ಸದಸ್ಯ ದೇಶವಲ್ಲ, ಪಾಕಿಸ್ತಾನ ಸಹಿ ಹಾಕಿ ಅನುಮೋದಿಸಿಲ್ಲ. ಹಾಗಾಗಿ ಆ ತತ್ವಗಳನ್ನು ರೂಢಿಗತ ಕಾನೂನೆಂದೇ ವಾದಿಸಬೇಕು. ಹೇಗ್ ನ್ಯಾಯಮಂಡಳಿ 2025ರ ಜೂನ್‌ನಲ್ಲಿ, ಅಮಾನತಿನಿಂದ ತನ್ನ ಅಧಿಕಾರ ಹೋಗುವುದಿಲ್ಲ ಎಂದಿತು; ಆಗಸ್ಟ್ 8ರಂದು, ವಿದ್ಯುತ್ ಯೋಜನೆಗಳ ವಿನ್ಯಾಸ ಒಪ್ಪಂದದ ಅಕ್ಷರಕ್ಕೆ ಹೊಂದಬೇಕೇ ಹೊರತು ಭಾರತದ ದೃಷ್ಟಿಯ ಉತ್ತಮ ಪದ್ಧತಿಗಲ್ಲ ಎಂದಿತು. ಭಾರತ ಎರಡನ್ನೂ ತಿರಸ್ಕರಿಸಿತು.

ನೆಲದ ಮೇಲೆ ಬದಲಾದದ್ದೇನು? ಪಶ್ಚಿಮದ ನದಿಗಳ ವರ್ಷದ ಸುಮಾರು 13.5 ಕೋಟಿ ಎಕರೆ-ಅಡಿ ನೀರನ್ನು ಹಿಡಿದಿಡುವ ಜಾಗ ಭಾರತದಲ್ಲಿಲ್ಲ. ‘ನೀರು ನಿಂತಿತು’ ಎಂಬ ಟಿವಿ ಶೀರ್ಷಿಕೆಗಳಿಗೆ ಅರ್ಥವಿರಲಿಲ್ಲ. ಬದಲಾದದ್ದು ಕಾಲ ಮತ್ತು ಮಾಹಿತಿ. 2025ರ ಮೇ ತಿಂಗಳಲ್ಲಿ ಸಲಾಲ್ ಮತ್ತು ಬಗ್ಲಿಹಾರ್‌ನಲ್ಲಿ ಹೂಳು ಕೊಚ್ಚಿದ್ದು ವರದಿಯಾಯಿತು. ಒಪ್ಪಂದ ಮರುಭರ್ತಿಗೆ ಹಾಕಿದ ತಾರೀಕಿಗೆ ಅದು ಹೊಂದುವುದಿಲ್ಲ. ಆಗಸ್ಟ್‌ನಲ್ಲಿ ಜಮ್ಮುವಿನ ತವಿ ನದಿಗೆ ನೆರೆ ಬಂದಾಗ ಮುನ್ನೆಚ್ಚರಿಕೆ ಸಿಂಧೂ ಆಯುಕ್ತರ ಮೂಲಕ ಹೋಗಲಿಲ್ಲ. ಮಾನವೀಯ ನೆಲೆಯಲ್ಲಿ ಎಂದು ಹೈಕಮಿಷನ್ ಮೂಲಕ ಹೋಯಿತು. ಹೋಯಿತೆಂಬುದು ದೊಡ್ಡ ಸಮಾಧಾನ. ಆದರೆ ಕರ್ತವ್ಯವಾಗಿದ್ದದ್ದು ಸೌಜನ್ಯವಾಯಿತು, ಸೌಜನ್ಯಕ್ಕೆ ಗಡುವು ಇರುವುದಿಲ್ಲ.

1960ರ ಅಂಕಿಗಳನ್ನು ತಿದ್ದಲು ಸುಲಭದ ದಾರಿ ಇದ್ದಿದ್ದರೆ ಹೂಳಿನ ಪ್ರಶ್ನೆ ಎಂಜಿನಿಯರ್‌ಗಳ ಮಟ್ಟದಲ್ಲೇ ಮುಗಿಯಬಹುದಿತ್ತು. ಅಮೆರಿಕ ಮತ್ತು ಮೆಕ್ಸಿಕೊ ಅದನ್ನು ಮಾಡಿವೆ. 1944ರ ಅವರ ಒಪ್ಪಂದ ಹಾಗೇ ಇದೆ. ಜಂಟಿ ಗಡಿ ಆಯೋಗ ‘ಮಿನಿಟ್’ ಎಂಬ ಸಂಖ್ಯೆ ಹಾಕಿದ ತೀರ್ಮಾನಗಳ ಮೂಲಕ ಅದನ್ನು ಕಾಲಕ್ಕೆ ಹೊಂದಿಸುತ್ತ ಬಂದಿದೆ. 2017ರ 323ನೇ ಮಿನಿಟ್ ಪ್ರಕಾರ ಕೊಲರಾಡೊ ನದಿಯ ಜಲಾಶಯವಾದ ಮೀಡ್ ಸರೋವರದ ಮಟ್ಟ 1,075 ಅಡಿಗೆ ಇಳಿಯುವ ಅಂದಾಜು ಬಂದರೆ ಮೆಕ್ಸಿಕೊ ತನ್ನ 15 ಲಕ್ಷ ಎಕರೆ-ಅಡಿ ಪಾಲಿನಲ್ಲಿ 50,000 ಬಿಟ್ಟುಕೊಡುತ್ತದೆ. ಮಟ್ಟ ಇನ್ನಷ್ಟು ಇಳಿದರೆ ಕಡಿತವೂ ಏರುತ್ತದೆ. ನೈಲ್‌ನಲ್ಲಿ ಆಗದೆ ಹೋದ ಸಂಕಷ್ಟ ಸೂತ್ರ ಇದೇ. ಸೆನೆಗಲ್ ನದಿಯ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಮಾಲಿಯ ನೆಲದಲ್ಲಿರುವ ಮನಂತಾಲಿ ಅಣೆಕಟ್ಟು ಜಂಟಿ ಆಸ್ತಿ, ಅದರ ವಿದ್ಯುತ್ತಿನಲ್ಲಿ ಮಾಲಿಗೆ ಶೇ 52, ಸೆನೆಗಲ್‌ಗೆ 33, ಮಾರಿಟೇನಿಯಾಕ್ಕೆ 15. ಗೇಟಿನ ಕೀಲಿಕೈ ಒಬ್ಬರ ಬಳಿ ಮಾತ್ರ ಇಲ್ಲ.

ಪೂರ್ವದ ನದಿಗಳು

ಭಾರತ ಒಂದು ಕಡೆ ಮೇಲಿನ ದೇಶ, ಇನ್ನೊಂದು ಕಡೆ ಕೆಳಗಿನ ದೇಶ. ಬ್ರಹ್ಮಪುತ್ರದ ಮೇಲ್ಭಾಗ ಯಾರ್ಲುಂಗ್ ಸಾಂಗ್‌ಪೊದಲ್ಲಿ, ಅರುಣಾಚಲದ ಗಡಿಗೆ ಹತ್ತಿರದ ಮೆಡೋಗ್‌ನಲ್ಲಿ, ಚೀನಾ 2025ರ ಜುಲೈನಲ್ಲಿ ಸುಮಾರು 60,000 ಮೆಗಾವಾಟ್ ಯೋಜನೆಯ ಕಾಮಗಾರಿ ಆರಂಭಿಸಿತು. ಚೀನಾದ ಜತೆ ನಮಗೆ ನೀರಿನ ಒಪ್ಪಂದವೇ ಇಲ್ಲ. ಮುಂಗಾರಿನಲ್ಲಿ ನೀರಿನ ಮಟ್ಟದ ಮಾಹಿತಿ ಕೊಡುವ ತಿಳಿವಳಿಕೆ ಪತ್ರವೊಂದಿತ್ತು. ದೋಕಲಾಮ್ ಬಿಕ್ಕಟ್ಟಿನ 2017ರಲ್ಲಿ ಮಾಹಿತಿ ಬರಲಿಲ್ಲ, 2023ರಲ್ಲಿ ಪತ್ರದ ಅವಧಿಯೇ ಮುಗಿಯಿತು. ಚಿನಾಬ್‌ನಲ್ಲಿ ನಾವು ಆಡುವ ಪ್ರತಿ ವಾದವನ್ನು ಬೀಜಿಂಗ್‌ನಲ್ಲಿ ಯಾರೋ ಬರೆದಿಟ್ಟುಕೊಳ್ಳುತ್ತಿರುತ್ತಾರೆ ಎಂಬ ಎಚ್ಚರ ಅಸ್ಸಾಮಿನ ಹಿತದೃಷ್ಟಿಯಿಂದ ಬೇಕು.

ಇದಕ್ಕಿಂತ ಹತ್ತಿರದ ಗಡುವು ಗಂಗೆಯದು. ಬಾಂಗ್ಲಾದೇಶದ ಜತೆಗಿನ 1996ರ ಡಿಸೆಂಬರ್ 12ರ ಒಪ್ಪಂದದ ಅವಧಿ 30 ವರ್ಷ, ಅಂದರೆ 2026ರ ಡಿಸೆಂಬರ್‌ವರೆಗೆ. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಲೆಕ್ಕ: ಪಶ್ಚಿಮ ಬಂಗಾಳದ ಫರಕ್ಕಾ ಕಟ್ಟೆಯಲ್ಲಿ 70,000 ಕ್ಯುಸೆಕ್‌ವರೆಗೆ ಸಮಪಾಲು, 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ, ಅದಕ್ಕೂ ಮೇಲೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಈ ಲೆಕ್ಕದ ಬುಡದಲ್ಲಿರುವುದು 1949ರಿಂದ 1988ರವರೆಗಿನ ಸರಾಸರಿ ಹರಿವು. ಹರಿವು 50,000 ಕ್ಯುಸೆಕ್‌ಗಿಂತ ಕೆಳಗಿಳಿದರೆ ಏನು ಎಂಬುದಕ್ಕೆ ಅಂಕಿಯಿಲ್ಲ, ಕೂಡಲೇ ಸಮಾಲೋಚನೆ ಎಂದಷ್ಟೇ ಇದೆ. ಬಾಂಗ್ಲಾದೇಶಕ್ಕೆ ಅದರ ಪಾಲಿನ ಕನಿಷ್ಠ ಶೇ 80 ಸಿಗಲೇಬೇಕೆಂದು 1977ರ ಒಪ್ಪಂದದಲ್ಲಿದ್ದ ಖಾತರಿ 1996ರಲ್ಲಿ ಉಳಿಯಲಿಲ್ಲ. ಹೊಸ ಕರಡು ಬರೆಯುವವರು ಮೊದಲು ತೀರ್ಮಾನಿಸಬೇಕಾದದ್ದು ಎರಡು: 1988ರ ನಂತರದ ಹರಿವನ್ನು ಸೇರಿಸಿ ಸರಾಸರಿಯನ್ನು ಮತ್ತೆ ಕಟ್ಟುವುದು ಹೇಗೆ, ಮತ್ತು 50,000ದ ಕೆಳಗಿನ ಆ ಖಾಲಿ ಜಾಗದಲ್ಲಿ ಯಾವ ಅಂಕಿ ಬರೆಯುವುದು. ತೀರ್ಮಾನವಾಗದಿದ್ದರೆ 2027ರ ಜನವರಿ 1ರ ಬೆಳಿಗ್ಗೆ ಫರಕ್ಕಾದಲ್ಲಿ ಹರಿವು ಅಳೆಯುವವರ ಕೈಯಲ್ಲಿ ಹಂಚಿಕೆಯ ಕೋಷ್ಟಕವೇ ಇರುವುದಿಲ್ಲ.